ಭೈಷಜ್ಯವೂ ಅಭಯವೂ

ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯಿರುವ ಶಿಕಾರಿಪುರ ಸೊರಬಗಳ ಸೀಮೆಯು ಶಿಲಾಶಾಸನಗಳಿಗೆ ತವರೆನಿಸಿದೆ. ಈ ಸೀಮೆಯಲ್ಲಿ ವಿದ್ಯೆಗೂ ವೈಭವಕ್ಕೂ ಹೆಸರಾಗಿದ್ದುದು ಬಳ್ಳಿಗಾವಿ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠದ ವರ್ಣನೆಯು ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವೊಂದರಲ್ಲಿ ಬಂದಿದೆ. ರೈಸ್ ಸಾಹೇಬರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ವೇದ, ವ್ಯಾಕರಣ, ದರ್ಶನ, ಕಾವ್ಯನಾಟಕಗಳ ಪಾಠ ನಡೆಯುತ್ತಿದ್ದ ಆ ಮಠವು ದೀನರಿಗೂ ಅಂಧರಿಗೂ ಅನ್ನವಿಕ್ಕುವ ಸ್ಥಾನವೆಂದೂ, ನಾನಾ ರೋಗಿಗಳಿಗೆ ಭೈಷಜ್ಯದ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೆ ಅಭಯದ ಸ್ಥಾನವೆಂದೂ ಶಾಸನವು ಹೊಗಳುತ್ತದೆ.

ಭೈಷಜ್ಯದ ಬೆನ್ನಿಗೇ ಅಭಯವೆಂಬ ಮಾತು ಬಂದಿರುವುದು ಮನನಯೋಗ್ಯವಾಗಿದೆ. ಆ ಅಭಯವು ಎಲ್ಲ ಜೀವಿಗಳಿಗೂ ಇತ್ತ ಮಾತೇ ಹೊರತು ಔಷಧಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಆದರೂ ರೋಗಿಯ ಪಾಲಿಗೆ ಇವೆರಡೂ ಬೇರೆಬೇರೆಯಾಗಿರಲಾರವು. ಅಕ್ಕಿಯನ್ನು ಕೊಳ್ಳುವವನು ಅಂಗೈಯಲ್ಲಿ ಹಿಡಿದು ಪರೀಕ್ಷಿಸಬಲ್ಲನು. ಬಟ್ಟೆಯನ್ನು ಕೊಳ್ಳುವವನು ಎಳೆದು ನೋಡಬಲ್ಲನು. ಮದ್ದನ್ನು ಕೊಳ್ಳುವವನಿಗೆ ಕೊಡುವವನ ಮೇಲಣ ನಂಬಿಕೆಯೊಂದೇ ಆಧಾರ. ಆ ನಂಬಿಕೆಯನ್ನು ಕಾಯುವ ಹೊಣೆ ಯಾರದು?

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ತಿಳಿಯದ ಔಷಧವು ವಿಷಕ್ಕೂ ಸಿಡಿಲಿಗೂ ಸಮಾನ, ತಿಳಿದುದು ಅಮೃತಕ್ಕೆ ಸಮಾನ ಎಂಬುದು ಚರಕನ ಅಭಿಪ್ರಾಯ. ಹುತ್ತ, ಸ್ಮಶಾನ ಮೊದಲಾದ ಸ್ಥಳಗಳಲ್ಲಿ ಬೆಳೆದ ಮೂಲಿಕೆಯನ್ನು ಸುಶ್ರುತನು ಒಪ್ಪುವುದಿಲ್ಲ. ತಂದ ಮೂಲಿಕೆಯನ್ನು ಬೆಂಕಿ, ನೀರು, ಹೊಗೆ, ಧೂಳು, ಇಲಿಗಳ ಕಾಟವಿಲ್ಲದ ಮನೆಯಲ್ಲಿ ಚೆನ್ನಾಗಿ ಮುಚ್ಚಿ, ನೆಲುವಿನಲ್ಲಿ ತೂಗುಹಾಕಿ ಇಡಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ಇಂದಿನ ಔಷಧಾಲಯದ ಪರೀಕ್ಷಕನು ಮೊದಲು ನೋಡುವ ಸಂಗತಿಗಳಲ್ಲಿ ಇವೂ ಸೇರಿವೆಯಲ್ಲವೆ?

ಶಾಸ್ತ್ರವಿಧಿಗೆ ರಾಜದಂಡವೂ ಬೆಂಬಲವಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧಾನ್ಯ, ಎಣ್ಣೆ, ಉಪ್ಪು, ಔಷಧಗಳಲ್ಲಿ ಅದೇ ಬಣ್ಣದ ಬೇರೆ ವಸ್ತುವನ್ನು ಬೆರಸಿದವನಿಗೆ 12 ಪಣಗಳ ದಂಡವನ್ನು ಹೇಳಿದೆ. ಕನ್ನಡದಲ್ಲಿಯೂ ವೈದ್ಯಶಾಸ್ತ್ರವು ಬಹುಕಾಲದಿಂದ ಬೆಳೆದುಬಂದಿತು. ಜಗದ್ದಳ ಸೋಮನಾಥನು ‘ಕರ್ನಾಟಕ ಕಲ್ಯಾಣಕಾರಕ’ವನ್ನು ರಚಿಸಿದನು; ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಗೆಂದೇ ‘ಖಗೇಂದ್ರಮಣಿದರ್ಪಣ’ವನ್ನು ಬರೆದನು.

ವೈದ್ಯನೇ ಬೇರನ್ನು ಕಿತ್ತುತಂದು, ಅರೆದು, ತನ್ನ ಕೈಯಿಂದಲೇ ಕೊಡುತ್ತಿದ್ದಾಗ ತಪ್ಪಿಗೆ ಹೊಣೆಗಾರನು ಕಣ್ಣೆದುರಿಗೇ ಇರುತ್ತಿದ್ದನು. ದೂರದ ಕಾರ್ಖಾನೆಯಿಂದ ಸೀಸೆಗಳು ಬರತೊಡಗಿದ ಮೇಲೆ ಆ ಹೊಣೆಯು ಕಣ್ಮರೆಯಾಯಿತು. ಪೇಟೆಯಲ್ಲಿ ಸತ್ತ್ವಹೀನವಾದ ಔಷಧಗಳು ಹೆಚ್ಚಿದವೆಂಬ ದೂರಿನ ಮೇಲೆ ಸರ್ಕಾರವು 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. 1931ರಲ್ಲಿ ವರದಿಯು ಬಂದರೂ ಕಾನೂನು ಬೇಗ ಬರಲಿಲ್ಲ. ಅಷ್ಟರಲ್ಲಿ, 1937ರಲ್ಲಿ, ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಮದ್ದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿದುದರಿಂದ ನೂರಕ್ಕೂ ಹೆಚ್ಚು ಮಂದಿ ಮಡಿದರು. ಮಾರುವ ಮೊದಲೇ ಔಷಧವು ನಿರಪಾಯವೆಂದು ತೋರಿಸಬೇಕೆಂಬ ಕಟ್ಟಳೆಯು ಮರುವರ್ಷ ಅಲ್ಲಿ ಹುಟ್ಟಿತು. ಭಾರತದಲ್ಲಿ 1940ರಲ್ಲಿ ಔಷಧಗಳ ಕಾಯಿದೆಯೂ, 1945ರಲ್ಲಿ ಅದರ ನಿಯಮಗಳೂ, 1948ರಲ್ಲಿ ಫಾರ್ಮಸಿ ಕಾಯಿದೆಯೂ ಬಂದವು. ವೈದ್ಯರ ಚೀಟಿಯಂತೆ ಮದ್ದನ್ನು ಕೂಡಿಸಿ ಕೊಡುವ ಕೆಲಸಕ್ಕೆ ನೋಂದಾಯಿತ ಫಾರ್ಮಸಿಸ್ಟನೇ ಬೇಕೆಂಬುದು ಈ ಕೊನೆಯ ಕಾಯಿದೆಯ ಸಾರ.

1964ರ ತಿದ್ದುಪಡಿಯಿಂದ ಆಯುರ್ವೇದದ ಔಷಧಗಳೂ ಕಾನೂನಿನ ಹತೋಟಿಗೆ ಬಂದವು. ವತ್ಸನಾಭಿ, ಕಾಸರಕ, ಗೇರು, ದತ್ತೂರಿ ಮೊದಲಾದವು ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿವೆ. ಇವು ಕೂಡಿದ ಒಳಮದ್ದಿನ ಚೀಟಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯಿರತಕ್ಕದ್ದು. ಮಲೆನಾಡಿನ ಪಂಡಿತರು ಶಿಷ್ಯರಿಗೆ ಬಾಯಿಮಾತಿನಲ್ಲಿ ಹೇಳಿಕೊಡುತ್ತಿದ್ದ ಎಚ್ಚರವೇ ಇಲ್ಲಿ ಅಕ್ಷರರೂಪವನ್ನು ತಾಳಿದೆ.

ಆದರೆ ಕಾಯಿದೆಯೊಂದರಿಂದಲೇ ಅಭಯವು ಲಭಿಸದು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಹತ್ತಾರು ಮಕ್ಕಳು ತೀರಿಕೊಂಡಾಗ, ಭಾರತದಿಂದ ಹೋಗಿದ್ದ ಕೆಮ್ಮುನೆಗಡಿಯ ಪಾನಕಗಳಲ್ಲಿ ಅದೇ ಡೈಎಥಿಲೀನ್ ಗ್ಲೈಕಾಲ್ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೋಕವನ್ನು ಎಚ್ಚರಿಸಿತು. ಅಮೆರಿಕದ ಪಾಠಕ್ಕೆ ಅಷ್ಟು ಹೊತ್ತಿಗೆ 85 ವರ್ಷಗಳಾಗಿದ್ದವು. ಸೀಸೆಯೊಳಗಣ ದ್ರವವನ್ನು ಪರೀಕ್ಷಿಸುವ ಕೆಲಸವು ಪ್ರಯೋಗಶಾಲೆಯದು. ಹಳ್ಳಿಯ ಮದ್ದಿನಂಗಡಿಯವನಿಂದ ಆಗತಕ್ಕುದಲ್ಲ. ಅವನಿಂದ ಆಗುವುದೂ ಸ್ವಲ್ಪವಲ್ಲ. ಅಂಗೀಕೃತ ವ್ಯಾಪಾರಿಗಳಿಂದಲೇ ಕೊಳ್ಳುವುದು, ಮುಗಿದ ಅವಧಿಯ ಮದ್ದನ್ನು ಬೇರೆಯಿಡುವುದು, ತಂಪಿನಲ್ಲಿಡಬೇಕಾದುದನ್ನು ತಂಪಿನಲ್ಲಿಡುವುದು, ಚೀಟಿಯ ಅಕ್ಷರವು ತಿಳಿಯದಿದ್ದಾಗ ಊಹಿಸದೆ ವೈದ್ಯರನ್ನು ಕೇಳುವುದು, ಅಳತೆಯನ್ನು ರೋಗಿಗೆ ಅವನ ಮಾತಿನಲ್ಲಿಯೇ ತಿಳಿಯಹೇಳುವುದು ಇವೆಲ್ಲವೂ ಅವನ ಕೈಯಲ್ಲಿಯೇ ಇವೆ. ಎಂಟುನೂರು ವರ್ಷಗಳಿಗೂ ಹಿಂದೆ ಬಳ್ಳಿಗಾವಿಯ ಶಾಸನವು ಒಂದೇ ಸ್ಥಾನದಲ್ಲಿ ಕಂಡು ಹೊಗಳಿದ ಭೈಷಜ್ಯವೂ ಅಭಯವೂ ಅದೇ ಸೀಮೆಯ ತೊಗರ್ಸಿಯ ರೋಗಿಗೆ ಇಂದು ಒಟ್ಟಿಗೆ ದೊರೆಯಬೇಕಾದರೆ ಈ ಸಣ್ಣ ಕೆಲಸಗಳು ದಿನವೂ ತಪ್ಪದೆ ನಡೆಯಬೇಕು.