ದುರ್ಗದ ಗುಡ್ಡಗಳನ್ನು ಅಳೆದವರು

ನಮ್ಮ ಹರಿಹರ ತಾಲ್ಲೂಕು 1997ರ ತನಕ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಆದ್ದರಿಂದ ದುರ್ಗದ ಒಣ ಬಂಡೆಗುಡ್ಡಗಳೂ ಅವುಗಳ ಸುತ್ತಲಿನ ಬಯಲೂ ನಕ್ಷೆಗೆ ಇಳಿದ ಕಥೆ ನಮ್ಮದೂ ಹೌದು. ಪಾಳೇಗಾರರ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಳತೆಗಾರರ ಕಥೆ ಹೇಳುವವರು ಕಡಿಮೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಕೆಲಸ ಕಾಲಿನ್ ಮೆಕೆಂಜಿಗೆ ಬಂತು. ಸುಮಾರು 40,000 ಚದರ ಮೈಲಿ ನೆಲ. ಊರು, ಕೆರೆ, ಕೋಟೆ, ದಾರಿ ಗುರುತಿಸುವುದರ ಜೊತೆಗೆ ಶಾಸನ, ಕೈಫಿಯತ್ತುಗಳನ್ನೂ ಆತ ಕೂಡಿಸಿದ. ಇದನ್ನೆಲ್ಲ ಸಾಧ್ಯವಾಗಿಸಿದವರು ಕಾವಲಿ ವೆಂಕಟ ಬೋರಯ್ಯ, ಆತ 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ. ಸಂಗ್ರಹಕ್ಕೆ ಮಾತ್ರ ಸಾಹೇಬರ ಹೆಸರೇ ನಿಂತಿತು!

ಅದೇ ಕಾಲಕ್ಕೆ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ 100 ಅಡಿಯ ಉಕ್ಕಿನ ಸರಪಳಿ ಹಿಡಿದು ಏಳು ಮೈಲಿಗೂ ಉದ್ದದ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು. ಒಂದು ಭುಜ ಅಳೆದರೆ ಸಾಕು, ಉಳಿದೆರಡನ್ನು ಕೋನಗಳಿಂದ ಲೆಕ್ಕ ಹಾಕಬಹುದು. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಗೆ ಕಲಿತ ತ್ರಿಕೋನಮಿತಿಯ ನಂಟೇ ಇದು. ಅರ್ಧ ಟನ್ ತೂಗುವ ಥಿಯೋಡೊಲೈಟನ್ನು ಕೂಲಿಯಾಳುಗಳು ಗುಡ್ಡದ ತುದಿಗೆ ಹೊರಬೇಕಿತ್ತು ಎನ್ನುವುದು ಮಾತ್ರ ಪುಸ್ತಕದಲ್ಲಿರಲಿಲ್ಲ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗಿರುವ ದೂರ ಹಳೆಯ ನಕ್ಷೆಗಳು ತೋರಿಸುತ್ತಿದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ಈ ಅಳತೆಯಿಂದ ತಿಳಿಯಿತು.

ಇಂದಿನ 1:50,000 ಪ್ರಮಾಣದ ಸರ್ವೆ ನಕ್ಷೆಯಲ್ಲಿ ಹರಿಹರವಿರುವುದು 48 ಎನ್ ಹಾಳೆಗಳಲ್ಲಿ. ಅದರ ಸಮೋನ್ನತಿ ರೇಖೆಗಳನ್ನು ನೋಡಿದರೆ ಭದ್ರಾ ನಾಲೆ ಹಾವಿನಂತೆ ಬಳುಕುವುದೇಕೆಂದು ಅರ್ಥವಾಗುತ್ತದೆ. ನೀರು ತಾನಾಗಿ ಹರಿಯಬೇಕಾದರೆ ನಾಲೆ ಹೆಚ್ಚುಕಡಿಮೆ ಒಂದೇ ಎತ್ತರ ಹಿಡಿದು, ಸ್ವಲ್ಪವೇ ಇಳಿಯುತ್ತ ಸಾಗಬೇಕು. ರೇಖೆಯ ಕೆಳಗಿನ ಹೊಲ ಗದ್ದೆಯಾಯಿತು, ಮೇಲಿನದು ಮಳೆಯನ್ನೇ ನೆಚ್ಚಿತು. ಕೊನೆ ಭಾಗದ ರೈತರ ಜಗಳ ಬೇರೆ. ಅಲ್ಲಿ ಇಳಿಜಾರಿದ್ದರೂ ನೀರು ತಲುಪದು.

2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನಗಳಲ್ಲಿ ಭೂಮಿಯ ಬಹುಪಾಲು ನೆಲದ ಎತ್ತರವನ್ನು ರೇಡಾರಿನಿಂದ ಅಳೆಯಿತು. ಆ ದತ್ತಾಂಶ ಈಗ ಯಾರಿಗೂ ಉಚಿತ. ಕಂಪ್ಯೂಟರಿನಲ್ಲಿ ದುರ್ಗದ ಗುಡ್ಡಗಳು ಚೆನ್ನಾಗಿಯೇ ಮೂಡುತ್ತವೆ. ಆದರೆ ಅದರಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ. ನಮ್ಮ ಗದ್ದೆಗಳಲ್ಲಿ ನೀರು ಹರಿಯುವುದು ಗೇಣುದ್ದದ ವ್ಯತ್ಯಾಸದಲ್ಲಿ. ಅದನ್ನು ಹಿಡಿಯಲು ಈಗಲೂ ಲೆವೆಲ್ ಯಂತ್ರ ಹೊತ್ತು ಬದುವಿನ ಮೇಲೆ ನಡೆಯಬೇಕು.