ನಿಂಬೆಹಣ್ಣು ಕಪ್ಪಾಗಿ ಕಂಡ ಕಾಲ

ಕಿಟಕಿಯ ಪಕ್ಕಕ್ಕೆ ಮೇಜು ಎಳೆದು, ತಟ್ಟೆಯಲ್ಲಿ ಹಣ್ಣು ಜೋಡಿಸಿ ಫೋಟೋ ತೆಗೆಯುವುದು, ಆಮೇಲೆ ಅದರ ಬಣ್ಣ ಬೆಳಕು ತಿದ್ದುತ್ತ ಕೂರುವುದು ಮೊಬೈಲು ಹಚ್ಚಿದ ಚಟವೆಂದು ಹೇಳುವವರಿದ್ದಾರೆ. ಹಿಂದೆ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ಹಿಡಿಯುತ್ತಿತ್ತು, ತಿದ್ದುವ ಕೈ ಬಂದ ಮೇಲೆ ಸುಳ್ಳು ಹೊಕ್ಕಿತು ಎನ್ನುವುದು ಅವರ ದೂರು. ಚರಿತ್ರೆ ನೋಡಿದರೆ ಸಂಗತಿ ತಿರುವುಮುರುವಾಗಿದೆ. ಕ್ಯಾಮೆರಾಕ್ಕೆ ತಾನಾಗಿ ನಿಜ ಹೇಳಲು ಬರುತ್ತಿರಲಿಲ್ಲ. ಅದಕ್ಕೇ ತಿದ್ದುವ ಕೈ ಬೇಕಾಯಿತು.

ಊಟದ ಮೇಜು ಈ ಕಲೆಯ ಹುಟ್ಟಿನಲ್ಲೇ ಇದೆ. 1833ರಲ್ಲಿ ತೀರಿಕೊಂಡ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್‌ನದೆಂದು ಹೇಳಲಾಗುವ ಒಂದು ಚಿತ್ರದಲ್ಲಿ ಬಟ್ಟೆ ಹಾಸಿದ ಮೇಜು, ಬಾಟಲಿ, ಲೋಟ, ಬಟ್ಟಲುಗಳಿವೆ. ಚಿತ್ರ ಮೂಡಿದ್ದ ಮೂಲ ಗಾಜು ಕಳೆದುಹೋಗಿ, ಅಚ್ಚಾದ ಪ್ರತಿ ಮಾತ್ರ ಉಳಿದಿದೆ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1844ರಿಂದ 1846ರವರೆಗೆ ಕಂತುಕಂತಾಗಿ ಹೊರತಂದ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಫೋಟೋ ಪುಸ್ತಕದ 24ನೆಯ, ಅಂದರೆ ಕೊನೆಯ, ಚಿತ್ರ ಹಣ್ಣಿನ ಬುಟ್ಟಿಗಳದ್ದು. ಚೌಕಳಿ ಬಟ್ಟೆಯ ಮೇಲೆ ಅನಾನಸನ್ನು ಎದ್ದು ಕಾಣುವಂತೆ ಇಟ್ಟ ಆ ಜೋಡಣೆ ಬೇಕೆಂದೇ ಮಾಡಿದ್ದು. (ಚಿತ್ರದ ಜೊತೆಗಿನ ಬರಹದಲ್ಲಿ ಹಣ್ಣಿಗಿಂತ ಹೆಚ್ಚಿನ ಮಾತು ಒಂದು ನೆಗೆಟಿವ್‌ನಿಂದ ಎಷ್ಟೊಂದು ಪ್ರತಿ ತೆಗೆಯಬಹುದು ಎಂಬುದರದ್ದು!) ಹಣ್ಣೇ ಏಕೆ ಎಂದರೆ, ಟಾಲ್ಬಟ್ ಚಿತ್ರ ಹಿಡಿಯುತ್ತಿದ್ದ, ಬೆಳಕಿಗೆ ನಿಧಾನವಾಗಿ ಸ್ಪಂದಿಸುವ ಕಾಗದದ ಮುಂದೆ ಮಗು ಅಲುಗುತ್ತದೆ, ಮರದ ಎಲೆ ಅಲುಗುತ್ತದೆ, ಬುಟ್ಟಿಯಲ್ಲಿಟ್ಟ ಹಣ್ಣು ಅಲುಗುವುದಿಲ್ಲ.

ಅಲುಗದೆ ಕೂತರೂ ಹಣ್ಣಿಗೆ ನ್ಯಾಯ ಸಿಗಲಿಲ್ಲ. ಆ ಕಾಲದ ರಸಾಯನಗಳು ನೀಲಿ, ನೇರಳೆ ಬೆಳಕನ್ನಷ್ಟೇ ಚೆನ್ನಾಗಿ ಹಿಡಿಯುತ್ತಿದ್ದವು. ಹಳದಿ ಕೆಂಪುಗಳ ಮಟ್ಟಿಗೆ ಹೆಚ್ಚುಕಡಿಮೆ ಕುರುಡು. ಕ್ರಿಮಿಯಾ ಯುದ್ಧದ ಚಿತ್ರಗಳಿಂದ ಹೆಸರಾದ ರೋಜರ್ ಫೆಂಟನ್ 1860ರಲ್ಲಿ ದ್ರಾಕ್ಷಿ, ಪೀಚ್, ಅನಾನಸುಗಳನ್ನು ಸೊಗಸಾಗಿ ಜೋಡಿಸಿ ಚಿತ್ರಿಸಿದಾಗ ಬಳಸಿದ, ಕೊಲೋಡಿಯನ್ ಎಂಬ ಅಂಟು ದ್ರವ ಬಳಿದ ಹಸಿ ಗಾಜಿಗೂ ಇದೇ ಕುರುಡು. ಅಂಥ ಗಾಜಿನ ಮುಂದೆ ಫಳಫಳ ಹೊಳೆಯುವ ನಿಂಬೆಹಣ್ಣು ಇಟ್ಟರೆ ಅದು ಕಪ್ಪು ಕಪ್ಪಾಗಿ ಬರುತ್ತಿತ್ತು. ಯಾರೂ ಕೈಯಾಡಿಸದ ಈ ಚಿತ್ರವನ್ನು ಪ್ರಾಮಾಣಿಕ ಎನ್ನೋಣವೇ? ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದು, ಪ್ರತಿ ತೆಗೆಯುವಾಗ ಅಲ್ಲಲ್ಲಿ ಬೆಳಕು ತಡೆಯುವುದು, ಪ್ರತಿಗೆ ಬಣ್ಣ ಹಚ್ಚುವುದು ಬೆಳೆದದ್ದು ಇಂಥ ಕೊರತೆಯ ನಡುವೆ. ಅಂದ ಹೆಚ್ಚಿಸುವ ಆಸೆಯೂ ಇತ್ತು, ಇಲ್ಲವೆನ್ನಲಾಗದು. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಬಣ್ಣದ ದ್ರವ್ಯ ಬೆರೆಸಿ ಗಾಜಿಗೆ ಹಸಿರನ್ನು ಕಾಣಿಸಿದ. ಕೆಂಪು ಸರಿಯಾಗಿ ಕಾಣಲು ಇನ್ನೂ ಕಾಯಬೇಕಾಯಿತು. 1907ರಲ್ಲಿ ಲ್ಯೂಮಿಯೇರ್ ಸೋದರರ ಆಟೋಕ್ರೋಮ್ ಎಂಬ ಬಣ್ಣದ ಫೋಟೋ ಗಾಜು ಮಾರುಕಟ್ಟೆಗೆ ಬಂದಾಗ ಬಣ್ಣ ಹಿಡಿದದ್ದು ಯಾವುದು ಗೊತ್ತೇ? ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳು. ಮೊಟ್ಟೆಯ ಬಿಳಿ ಅದಕ್ಕೂ ಮೊದಲೇ ಫೋಟೋ ಕಾಗದಕ್ಕೆ ಮೆತ್ತಿಕೊಂಡಿತ್ತು. ಅಡುಗೆಮನೆ ಕ್ಯಾಮೆರಾದ ಮುಂದಷ್ಟೇ ಅಲ್ಲ, ಒಳಗೂ ಇತ್ತು.

ಈಗಿನ ಕ್ಯಾಮೆರಾ ಎಲ್ಲ ಬಣ್ಣವನ್ನೂ ಕಾಣುತ್ತದಲ್ಲ, ಇನ್ನೂ ತಿದ್ದುವುದೇಕೆ ಎಂದು ಕೇಳಬಹುದು. ಕಾಣುತ್ತದೆ, ನಿಜ, ಆದರೆ ಹಳದಿ ಬಲ್ಬಿನ ಕೆಳಗಿಟ್ಟ ಇಡ್ಲಿ ನಮ್ಮ ಕಣ್ಣಿಗೆ ಬೆಳ್ಳಗೇ ಕಾಣುವಾಗ ಕ್ಯಾಮೆರಾಕ್ಕೆ ಅದು ಹಳದಿ. ಯಾವುದು ಬಿಳಿ ಎಂದು ಯಂತ್ರ ಊಹಿಸಬೇಕು, ಊಹೆ ತಪ್ಪಿದರೆ ಮನುಷ್ಯ ಹೇಳಿಕೊಡಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಾಹೀರಾತಿನ ಮೋಸದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಬಗೆಯ ಅತ್ಯಂತ ಹೆಸರಾದ ಪ್ರಕರಣವನ್ನೇ ನೋಡಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಜಾಹೀರಾತಿಗಾಗಿ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿಗಳನ್ನು ಹಾಕಿದ್ದರು. ಮುಳುಗಬೇಕಿದ್ದ ತರಕಾರಿ ಮೇಲೇ ನಿಂತು ಸೂಪು ದಟ್ಟವಾಗಿ ಕಂಡಿತು. ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಅಲ್ಲಿನ ಸರಕಾರಿ ಆಯೋಗ, ಫೆಡರಲ್ ಟ್ರೇಡ್ ಕಮಿಷನ್, ತಕರಾರೆತ್ತಿತು, 1970ರಲ್ಲಿ ಆ ಪದ್ಧತಿ ಕೈಬಿಡುವ ಒಪ್ಪಂದದ ಆದೇಶ ಹೊರಬಿತ್ತು. ಹಾಗೆ ನೋಡಿದರೆ, ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ಬೆಳಕು ಸುತ್ತ ಹರಿಯುವಂತೆ ಮಾಡಿದ್ದೂ ಹೂಟವೇ. ಅವನ ಮೇಲೆ ಯಾರೂ ದೂರು ಕೊಡಲಿಲ್ಲ, ಆತ ಮೆಣಸಿನಕಾಯಿ ಮಾರುತ್ತಿರಲಿಲ್ಲ. ಸೂಪಿನ ವಿಷಯದಲ್ಲಿ ಆಯೋಗ ತಪ್ಪು ಕಂಡದ್ದು ನೆಗೆಟಿವ್‌ನಲ್ಲಲ್ಲ, ಬಟ್ಟಲಿನಲ್ಲಿ.