ಸ್ಟಾಡ್ಲರ್‌ನ ಕ್ಲಾರಿನೆಟ್ಟೂ ಸಿಎನ್‌ಸಿ ಫೈಲೂ

1791ರಲ್ಲಿ ಮೊಜಾರ್ಟ್ ತನ್ನ ಕ್ಲಾರಿನೆಟ್ ಕಾನ್ಚೆರ್ಟೊ ಬರೆದ. ಅದೇ ಡಿಸೆಂಬರ್ 5ಕ್ಕೆ ತೀರಿಕೊಂಡ. ಈಗ ಲೋಕವೆಲ್ಲ ಕೇಳೋ ಆ ಕೃತಿ ಯಾವ ವಾದ್ಯಕ್ಕಾಗಿ ಹುಟ್ಟಿತೋ, ಆ ವಾದ್ಯ ಮಾತ್ರ ಇವತ್ತು ಎಲ್ಲೂ ಇಲ್ಲ.

ಕ್ಲಾರಿನೆಟ್ ಗೊತ್ತಲ್ಲ? ನಮ್ಮ ಮದುವೆ ಬ್ಯಾಂಡ್‌ಸೆಟ್ಟಿನವರು ‘ಕ್ಲಾರಿಯೋನೆಟ್’ ಅನ್ನೋ ಕಪ್ಪು ಕೊಳವೆ. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿಕೊಂಡಿದ್ದೂ ಇದನ್ನೇ. ಹುಟ್ಟಿದ್ದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ, 1700ರ ಆಸುಪಾಸು, ಡೆನ್ನರ್ ಎಂಬ ಕುಶಲಕರ್ಮಿಯ ಕೈಯಲ್ಲಿ.

ಮೊಜಾರ್ಟ್‌ನ ಗೆಳೆಯ ಆಂಟನ್ ಸ್ಟಾಡ್ಲರ್‌ಗೆ ಮಾಮೂಲಿ ಕ್ಲಾರಿನೆಟ್ ಸಾಲಲಿಲ್ಲ. ಮಂದ್ರದಲ್ಲಿ ಇನ್ನೂ ಕೆಳಕ್ಕೆ ಇಳಿಯಬೇಕಿತ್ತು. ವಿಯೆನ್ನಾದ ವಾದ್ಯ ತಯಾರಕ ಥಿಯೋಡೋರ್ ಲೋಟ್ಸ್ ಅವನಿಗಾಗಿ ಉದ್ದದ ಕ್ಲಾರಿನೆಟ್ ಒಂದನ್ನು ಕಟ್ಟಿಕೊಟ್ಟ. ಅದು ನಾಲ್ಕು ಅರ್ಧಸ್ವರ ಹೆಚ್ಚು ಕೆಳಗೆ ಇಳೀತಿತ್ತು. ಮೊಜಾರ್ಟ್ ಆ ಸ್ವರಗಳನ್ನು ನೆಚ್ಚಿಕೊಂಡೇ ಬರೆದ. ಆಮೇಲೆ ಅವನ ಹಸ್ತಪ್ರತಿ ಕಳೆದುಹೋಯ್ತು, ವಾದ್ಯವೂ ಹೋಯ್ತು. 1801ರ ಹೊತ್ತಿಗೆ ಅಚ್ಚಾದ ಪ್ರತಿಗಳಲ್ಲಿ ಯಾರೋ ಆ ಕೆಳಸ್ವರಗಳನ್ನೆಲ್ಲ ಮೇಲಕ್ಕೆತ್ತಿ, ಮಾಮೂಲಿ ಕ್ಲಾರಿನೆಟ್ಟಿಗೆ ಹೊಂದಿಸಿಬಿಟ್ಟಿದ್ದರು. ಲೋಕ ತಲೆಮಾರುಗಟ್ಟಲೆ ಕೇಳಿದ್ದು ಆ ತಿದ್ದಿದ ರೂಪವನ್ನೇ. ಸ್ಟಾಡ್ಲರ್‌ನ ವಾದ್ಯ ನೋಡೋಕೆ ಹೇಗಿತ್ತು ಅಂತ ಸುಳಿವು ಸಿಕ್ಕಿದ್ದು 1992ರಲ್ಲಿ: ರೀಗಾ ನಗರದ 1794ರ ಕಛೇರಿಯ ಪತ್ರಿಕೆಯಲ್ಲಿ ಅದರ ಒಂದು ಪುಟ್ಟ ಚಿತ್ರ ಅಚ್ಚಾಗಿತ್ತು. ಚಿತ್ರದಲ್ಲಿ ಆಕಾರ ಸಿಕ್ಕಿತು. ಒಳಗಿನ ಅಳತೆ ಸಿಗಲಿಲ್ಲ.

ದಿನಾ ಡ್ರಾಯಿಂಗು, ಟಾಲರೆನ್ಸು ಅಂತ ಗುದ್ದಾಡೋ ನನ್ನಂಥ ಮೆಕ್ಯಾನಿಕಲ್ ಎಂಜಿನಿಯರ್‌ಗೆ ಈ ಕಥೆ ಸಂಗೀತದ್ದಷ್ಟೇ ಅಲ್ಲ, ಡೇಟಾ ಕಳಕೊಂಡ ಕಥೆಯೂ ಹೌದು. ಯಾಕಂದ್ರೆ ಕ್ಲಾರಿನೆಟ್ಟಿನ ಜೀವ ಇರೋದು ಒಳಗಿನ ರಂಧ್ರದಲ್ಲಿ. ಮೌತ್‌ಪೀಸಿನ ಕೆಳಗೆ ‘ಬ್ಯಾರೆಲ್’ ಅನ್ನೋ ಗಿಡ್ಡ ತುಂಡು ಇರುತ್ತೆ, ಸುಮಾರು 66 ಮಿಲಿಮೀಟರ್. ಅದನ್ನು ಒಂದು ಮಿಲಿಮೀಟರ್ ಉದ್ದ ಮಾಡಿದರೆ ಶ್ರುತಿ ಕೆಳಗೆ ಸರಿಯುತ್ತೆ. ಒಳಗಿನ ಇಳಿಜಾರು ಮಿಲಿಮೀಟರಿನ ಹತ್ತನೇ ಒಂದು ಭಾಗ ಬದಲಾದರೂ, ಕೆಳಸ್ಥಾಯಿಗೂ ಮೇಲಿನ ಸ್ಥಾಯಿಗೂ ಇರೋ ಹೊಂದಾಣಿಕೆ ಅಲುಗಾಡುತ್ತೆ. ಮೌತ್‌ಪೀಸಿನ ತುದಿಗೂ ರೀಡಿಗೂ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್. ಅಲ್ಲಂತೂ ಲೆಕ್ಕ ನೂರನೇ ಒಂದು ಭಾಗದಲ್ಲಿ.

ಹಿಂದಿನವರು ಈ ಇಳಿಜಾರನ್ನು ಕೊರೀತಿದ್ದದ್ದು ರೀಮರ್‌ನಿಂದ. ಅದು ಓರೆಯಾಗಿ ಮೊನಚಾದ ಉಕ್ಕಿನ ಉಪಕರಣ. ಒಂದು ರೀಮರ್ ಅಂದ್ರೆ ಒಂದೇ ಆಕಾರ. ಬೇರೆ ಆಕಾರ ಬೇಕಾದರೆ ಬೇರೆ ರೀಮರ್ ಮಾಡಬೇಕು. ಹಾಗಾಗಿ ಒಬ್ಬ ವಾದಕನಿಗಾಗಿ ಅಳತೆ ಬದಲಾಯಿಸೋದು ದುಬಾರಿ ಕೆಲಸ. ಆ ರೀಮರ್ ಸವೆದುಹೋದರೆ ಅಥವಾ ಗುಜರಿಗೆ ಬಿದ್ದರೆ ಆ ನಾದವೂ ಅಲ್ಲಿಗೇ ಮುಗೀತು.

ಈಗ ಸಿಎನ್‌ಸಿ ಕಥೆಗೆ ಬರೋಣ. ಇದು ಸಂಗೀತಕ್ಕಾಗಿ ಹುಟ್ಟಿದ್ದಲ್ಲವೇ ಅಲ್ಲ. ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆಗಳ ವಕ್ರ ಆಕಾರವನ್ನು ಬಿಂದು ಬಿಂದುವಾಗಿ ಲೆಕ್ಕ ಹಾಕಿ ಕತ್ತರಿಸೋ ದಾರಿ ಹುಡುಕುತ್ತಿದ್ದ. ಅಲ್ಲಿನ ವಾಯುಪಡೆ ದುಡ್ಡು ಹಾಕಿತು. 1952ರಲ್ಲಿ ಎಂಐಟಿಯವರು, ರಂಧ್ರ ಕೊರೆದ ಕಾಗದದ ಪಟ್ಟಿಯ ಆಜ್ಞೆಯಂತೆ ನಡೆಯೋ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಮರುವರ್ಷವೇ ನಮ್ಮ ಬೆಂಗಳೂರಲ್ಲಿ ಎಚ್‌ಎಂಟಿ ಶುರುವಾಯ್ತು ಅನ್ನೋದನ್ನು ನೆನೆದರೆ, ಇದು ಯಾವ ಕಾಲದ ಮಾತು ಅಂತ ಅಂದಾಜಾಗುತ್ತೆ.

ಸಾವಿರ ತುಂಡುಗಳನ್ನು ಒಂದೇ ಥರ ಮಾಡೋ ಯಂತ್ರದಿಂದ ಒಬ್ಬ ಕಲಾವಿದನಿಗೆ ಏನು ಲಾಭ? ಯಂತ್ರದ ಇನ್ನೊಂದು ಗುಣವೇ ಇಲ್ಲಿ ಉಪಯೋಗಕ್ಕೆ ಬರೋದು. ಇಲ್ಲಿ ಆಕಾರ ಉಪಕರಣದಲ್ಲಿಲ್ಲ, ಅಂಕಿಗಳಲ್ಲಿದೆ. ಅದೇ ಕತ್ತಿ, ಅದೇ ಲೇತು. ಪ್ರೋಗ್ರಾಮಿನಲ್ಲಿ ಒಂದು ಅಂಕಿ ತಿದ್ದಿದರೆ ಇನ್ನೊಂದು ಬ್ಯಾರೆಲ್. ನುಡಿಸಿ ನೋಡಿ, ‘ಮೇಲಿನ ಸ್ಥಾಯಿ ಸ್ವಲ್ಪ ಬಿಗಿಯಾಯ್ತು’ ಅಂತ ವಾದಕ ಅಂದರೆ, ಆ ಒಂದು ಅಳತೆ ಮಾತ್ರ ಬದಲಾಯಿಸಿ ಮಿಕ್ಕಿದ್ದೆಲ್ಲ ಹಾಗೇ ಇಟ್ಟು ಮತ್ತೊಂದು ಮಾಡಬಹುದು. ಬರೀ ಕೈಯಲ್ಲಿ ಇದು ತೀರಾ ಕಷ್ಟ, ಅಲ್ಲಿ ಒಂದು ಬದಲಿಸಲು ಹೋದರೆ ಇನ್ನೆರಡು ಬದಲಾಗಿರುತ್ತವೆ.

ಹಾಗಂತ ಯಂತ್ರಕ್ಕೆ ಕೊಟ್ಟು ಕಾಫಿಗೆ ಹೋಗೋ ಹಾಗಿಲ್ಲ. ಕ್ಲಾರಿನೆಟ್ಟಿನ ಮರ ಟಾಂಜಾನಿಯಾ, ಮೊಜಾಂಬಿಕ್ ಕಡೆಯ ಆಫ್ರಿಕನ್ ಬ್ಲ್ಯಾಕ್‌ವುಡ್, ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ನೀರಲ್ಲಿ ಮುಳುಗುವಷ್ಟು ಭಾರ. ಬಲಿಯೋಕೆ ಹಲವು ದಶಕ ಬೇಕು. ಕೊರೆದ ಮೇಲೂ ತೇವಕ್ಕೆ ಅಲುಗಾಡುತ್ತೆ. ಹಾಗಾಗಿ ಒರಟಾಗಿ ಕೊರೆದು, ತಿಂಗಳುಗಟ್ಟಲೆ ಮಲಗಿಸಿ, ಆಮೇಲೆ ಕೊನೆಯ ಅಳತೆಗೆ ತರಬೇಕು. ಮೊದಲು ಅಗ್ಗದ ಪ್ಲಾಸ್ಟಿಕ್ ರಾಡಿನಲ್ಲಿ ಪ್ರೋಗ್ರಾಮು ಪರೀಕ್ಷಿಸಿದರೆ ಅಷ್ಟಾದರೂ ಮರ ಉಳಿಯುತ್ತೆ. ಮೌತ್‌ಪೀಸಿನ ಕೊನೆಯ ತಿದ್ದುಪಡಿಯನ್ನು ಮಾತ್ರ ಬಹಳ ಜನ ಇನ್ನೂ ಉಜ್ಜುಕಾಗದ ಹಿಡಿದು ಕೈಯಲ್ಲೇ ಮಾಡ್ತಾರೆ. ಸಾಕು ಅಂತ ಹೇಳಬೇಕಾದ್ದು ಕಿವಿ.

ಈ ಜೋಡಿ ಹೊಸದೇನಲ್ಲ. ಇವತ್ತಿನ ಹೆಚ್ಚಿನ ಕ್ಲಾರಿನೆಟ್‌ಗಳ ಕೀಲಿ ವ್ಯವಸ್ಥೆಯನ್ನು ಪ್ಯಾರಿಸ್ಸಿನಲ್ಲಿ ರೂಪಿಸಿದ್ದು ವಾದಕ ಕ್ಲೋಸೆ ಮತ್ತು ತಯಾರಕ ಬ್ಯುಫೆ, 1839ರಲ್ಲಿ ಪ್ರದರ್ಶಿಸಿದರು. ಹೆಸರು ಮಾತ್ರ ಕೊಳಲಿನ ಸುಧಾರಕ ಬೋಮ್‌ಗೆ ಹೋಯ್ತು. ಸ್ಟಾಡ್ಲರ್–ಲೋಟ್ಸ್, ಕ್ಲೋಸೆ–ಬ್ಯುಫೆ, ಇಬ್ಬಿಬ್ಬರು ಕೂತು ಕೇಳಿ, ಕೊರೆದು, ಮತ್ತೆ ಕೇಳಿದ ಕೆಲಸಗಳಿವು. ದೊಡ್ಡ ಕಾರ್ಖಾನೆಗಳು ಬಂದ ಮೇಲೆ ವಾದ್ಯ ಅಂಗಡಿಗೆ ಬಂತು, ವಾದಕನೂ ತಯಾರಕನೂ ದೂರವಾದರು. ಸಿಎನ್‌ಸಿ ಇಟ್ಟುಕೊಂಡ ಸಣ್ಣ ವರ್ಕ್‌ಶಾಪುಗಳು ಅವರಿಬ್ಬರನ್ನೂ ಮತ್ತೆ ಎದುರುಬದುರು ಕೂರಿಸಿವೆ.

ಒಂದು ವ್ಯತ್ಯಾಸ ಉಂಟು. ಈ ಸಲ ಮಾತುಕತೆಯ ಫಲ ಅಂಕಿಗಳಾಗಿ ಉಳೀತದೆ. ಆದರೆ ಪ್ರೋಗ್ರಾಮು ಅಳತೆ ಹೇಳುತ್ತೆ, ಕಾರಣ ಹೇಳೋದಿಲ್ಲ. ಮುಂದೆ ಯಾರೋ ಆ ಫೈಲು ತೆರೆದಾಗ, ಇಲ್ಲಿ 0.1 ಮಿಲಿಮೀಟರ್ ಯಾಕೆ ಹೆಚ್ಚಿದೆ, ಯಾರ ಯಾವ ಸ್ವರ ಸರಿಯಾಗಲಿ ಅಂತ ಹೆಚ್ಚಿಸಿದ್ದು ಅಂತ ಗೊತ್ತಾಗಬೇಕಾದರೆ ಪಕ್ಕದಲ್ಲಿ ಎರಡು ಸಾಲು ಬರೆದಿಟ್ಟಿರಬೇಕು. ಲೋಟ್ಸ್ ಬರೆದಿಟ್ಟ ಅಂಥ ಎರಡು ಸಾಲು ಯಾರಿಗಾದರೂ ಸಿಕ್ಕಿದ್ದಿದ್ದರೆ, ಆ ವಾದ್ಯವನ್ನು ಒಂದು ಪುಟ್ಟ ಚಿತ್ರದಿಂದ ಊಹಿಸಿ ಕಟ್ಟೋ ಗತಿ ಇವತ್ತಿನ ತಯಾರಕರಿಗೆ ಬರ್ತಿರಲಿಲ್ಲ.